ಸಮುದ್ರದ ವಿಂಡ್ ಫಾರ್ಮ್ ಸುತ್ತ ಜೀವಿಗಳನ್ನ ಹೇಗೆ ಲೆಕ್ಕ ಇಡ್ತಾರೆ? ಪದೇ ಪದೇ ಕೇಳೋ ಪ್ರಶ್ನೆಗಳು

ಸಮುದ್ರದಲ್ಲಿ ಗಾಳಿ ಟರ್ಬೈನ್ ನಿಲ್ಲಿಸಿದ್ರೆ ಮೀನಿಗೆ ಏನಾಗತ್ತೆ, ತಿಮಿಂಗಿಲಕ್ಕೆ ಏನಾಗತ್ತೆ, ಹಕ್ಕಿಗಳು ಟರ್ಬೈನ್ ರೆಕ್ಕೆಗೆ ಬಡಿದು ಸಾಯಲ್ವಾ ಅಂತ ತುಂಬಾ ಜನ ಕೇಳ್ತಾರೆ, ಕೇಳಲೇಬೇಕು ಕೂಡ. ಆದ್ರೆ "ಏನೂ ಆಗಲ್ಲ" ಅನ್ನೋರೂ "ಎಲ್ಲಾ ಸರ್ವನಾಶ" ಅನ್ನೋರೂ ಅದು ಹೇಗೆ ಗೊತ್ತಾಯ್ತು ಅನ್ನೋದನ್ನ ಮಾತ್ರ ಹೇಳಲ್ಲ. ನನಗೆ ಮುಖ್ಯ ಅನ್ನಿಸೋದು ಅದೇ, ನೀರಿನ ಕೆಳಗೆ ಕಣ್ಣಿಗೆ ಕಾಣದ ಜಾಗದಲ್ಲಿ ಏನು ಬದಲಾಯ್ತು ಅಂತ ತಿಳ್ಕೊಳ್ಳೋದು ಹೇಗೆ. ಅದಕ್ಕೇ ಇಷ್ಟುದ್ದ ಬರೆದಿದೀನಿ.

ಇದೆಲ್ಲ ಯಾವಾಗ ಶುರುವಾಯ್ತು?

ಸಮುದ್ರದಲ್ಲಿ ಮೊದಲ ವಿಂಡ್ ಫಾರ್ಮ್ ಬಂದಿದ್ದು 1991ರಲ್ಲಿ, ಡೆನ್ಮಾರ್ಕಿನ ವಿಂಡಬಿ ಅನ್ನೋ ಕಡೆ, ಬರೀ 11 ಟರ್ಬೈನ್. 2017ರಲ್ಲಿ ಅದನ್ನ ಬಿಚ್ಚಿಯೂ ಆಯ್ತು. ಜೀವಿಗಳ ಮೇಲೆ ಗಂಭೀರವಾಗಿ ಕಣ್ಣಿಟ್ಟಿದ್ದು ಅದಾದ ಮೇಲೆ, ಡೆನ್ಮಾರ್ಕಿನದ್ದೇ ಹಾರ್ನ್ಸ್ ರೆವ್ ಮತ್ತೆ ನ್ಯೂಸ್ಟೆಡ್ ಅನ್ನೋ ದೊಡ್ಡ ಫಾರ್ಮ್‌ಗಳು 2002, 2003ರ ಹೊತ್ತಿಗೆ ಬಂದಾಗ. ಈಗ ಇಂಗ್ಲೆಂಡಿನ ಹಾರ್ನ್‌ಸೀ 2 ಥರದ ಒಂದೇ ಫಾರ್ಮ್‌ನಲ್ಲಿ 165 ಟರ್ಬೈನ್ ಇವೆ. ದಡದಿಂದ ದೂರ ಹೋದಷ್ಟೂ, ಸಂಖ್ಯೆ ಜಾಸ್ತಿ ಆದಷ್ಟೂ, ದೋಣಿ ಮೇಲೆ ದುರ್ಬೀನು ಹಿಡ್ಕೊಂಡು ಕೂತು ಎಣಿಸೋ ಹಳೇ ಪದ್ಧತಿ ಸಾಕಾಗಲ್ಲ, ಹೊಸ ಉಪಕರಣಗಳು ಬಂದಿದ್ದು ಆ ಕಾರಣಕ್ಕೆ.

ದೋಣಿಯಿಂದ ನೋಡಿ ಎಣಿಸಿದ್ರೆ ಏನು ತೊಂದ್ರೆ?

ಅಲೆ ಜಾಸ್ತಿ ಇದ್ರೆ ಕಾಣಲ್ಲ, ರಾತ್ರಿ ಕಾಣಲ್ಲ, ಮಂಜಿದ್ರೆ ಕಾಣಲ್ಲ, ಚಳಿಗಾಲದಲ್ಲಿ ದೋಣಿ ಹೊರಡೋದೇ ಕಷ್ಟ. ಜೊತೆಗೆ ದೋಣಿ ಬಂತು ಅಂದ್ರೆ ಕೆಲವು ಹಕ್ಕಿ ದೂರದಿಂದಲೇ ಎದ್ದು ಹಾರಿಬಿಡತ್ತೆ, ಇನ್ನು ಕೆಲವು ಮೀನು ಸಿಗಬಹುದು ಅಂತ ದೋಣಿ ಹಿಂದೇನೇ ಬರ್ತವೆ, ಎರಡೂ ಲೆಕ್ಕ ಕೆಡಿಸತ್ತೆ.

ವಿಮಾನದಿಂದ ಎಣಿಸೋದರದ್ದು ಬೇರೆ ಕಥೆ. ಮೊದಲು ಸುಮಾರು 75-80 ಮೀಟರ್ ಎತ್ತರದಲ್ಲಿ ಹಾರ್ತಾ ಕಿಟಕಿಯಿಂದ ಜನ ನೋಡಿ ಹೇಳ್ತಿದ್ರು. ಟರ್ಬೈನ್ ನಿಂತ ಮೇಲೆ ಆ ಎತ್ತರದಲ್ಲಿ ಅಲ್ಲಿ ಹಾರೋಕೆ ಆಗತ್ತಾ, ಟರ್ಬೈನ್ ರೆಕ್ಕೆಯ ತುದಿ ಅದಕ್ಕಿಂತ ಎಷ್ಟೋ ಮೇಲಿರತ್ತೆ. ಹಾಗಾಗಿ ಈಗ ಸುಮಾರು 500 ಮೀಟರ್ ಮೇಲಿಂದ ಒಳ್ಳೇ ರೆಸಲ್ಯೂಶನ್ ಇರೋ ಕ್ಯಾಮೆರಾದಲ್ಲಿ ಫೋಟೋ, ವಿಡಿಯೋ ತೆಗೀತಾರೆ. ಇದರಲ್ಲಿ ಇನ್ನೊಂದು ಲಾಭ ಇದೆ, ಫೋಟೋ ಹಾಗೇ ಉಳಿಯತ್ತೆ, ಹತ್ತು ವರ್ಷ ಆದ್ಮೇಲೆ ಬೇರೆಯವರು ತೆಗೆದು "ಇದು ಆ ಹಕ್ಕಿ ಅಲ್ಲ, ಈ ಹಕ್ಕಿ" ಅಂತ ತಿದ್ದಬಹುದು. ಕಿಟಕಿಯಿಂದ ನೋಡಿ ಹೇಳಿದ್ದನ್ನ ಹಾಗೆ ತಿದ್ದೋಕಾಗಲ್ಲ.

ನೀರಿನ ಕೆಳಗಿನದ್ದನ್ನ ಕೇಳಿಸ್ಕೊಂಡು ಪತ್ತೆ ಮಾಡ್ತಾರಂತೆ, ಹೇಗೆ?

ನನಗೆ ತುಂಬಾ ಇಷ್ಟದ ವಿಷಯ ಇದು, ಸ್ವಲ್ಪ ಜಾಸ್ತಿನೇ ಹೇಳ್ತೀನಿ.

ನೀರಲ್ಲಿ ಬೆಳಕು ಬೇಗ ಸಾಯತ್ತೆ, ಆದ್ರೆ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡತ್ತೆ, ಗಾಳಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ಸ್ಪೀಡ್. ಅದಕ್ಕೇ ತಿಮಿಂಗಿಲ, ಡಾಲ್ಫಿನ್ ಎಲ್ಲಾ ಬದುಕೋದೇ ಸದ್ದಿನ ಮೇಲೆ. ಹೈಡ್ರೋಫೋನ್ ಅಂದ್ರೆ ನೀರಲ್ಲಿ ಮುಳುಗಿಸೋ ಮೈಕು. ಅದನ್ನ ತಳದಲ್ಲಿ ಇಟ್ಟು ತಿಂಗಳುಗಟ್ಟಲೆ ರೆಕಾರ್ಡ್ ಮಾಡಿ ಆಮೇಲೆ ಎತ್ತಿಕೊಂಡು ಬರ್ತಾರೆ.

ಯುರೋಪಿನ ಉತ್ತರ ಸಮುದ್ರದಲ್ಲಿ ಹಾರ್ಬರ್ ಪಾರ್ಪಾಯಿಸ್ ಅಂತ ಒಂದು ಚಿಕ್ಕ ಪ್ರಾಣಿ ಇದೆ, ಡಾಲ್ಫಿನ್‌ನ ಸಂಬಂಧಿ. ಅದು ದಾರಿ ಹುಡುಕೋಕೆ, ಮೀನು ಹಿಡಿಯೋಕೆ ಸುಮಾರು 130 ಕಿಲೋಹರ್ಟ್ಜ್‌ನಲ್ಲಿ ಟಿಕ್ ಟಿಕ್ ಅಂತ ಕ್ಲಿಕ್ ಮಾಡ್ತಾ ಇರತ್ತೆ. ನಮ್ಮ ಕಿವಿಗೆ 20 ಕಿಲೋಹರ್ಟ್ಜ್ ದಾಟಿದ್ರೆ ಏನೂ ಕೇಳಲ್ಲ, ಹಾಗಾಗಿ ನಾವು ಪಕ್ಕದಲ್ಲೇ ಈಜಿದ್ರೂ ಆ ಕ್ಲಿಕ್ ನಮಗೆ ಗೊತ್ತೇ ಆಗಲ್ಲ. ಸಿ-ಪಾಡ್, ಎಫ್-ಪಾಡ್ ಅನ್ನೋ ಡಬ್ಬಿಗಳು ಈ ಕ್ಲಿಕ್ಕನ್ನೇ ಗುರುತಿಸಿ ಲಾಗ್ ಮಾಡ್ತವೆ, ಎಲ್ಲಾ ಸದ್ದನ್ನೂ ಉಳಿಸಲ್ಲ, ಅದಕ್ಕೇ ಬ್ಯಾಟರಿ ತುಂಬಾ ದಿನ ಬರತ್ತೆ.

ಇದರ ಮಿತಿನೂ ಹೇಳ್ಬೇಕು. ಸುಮ್ಮನಿರೋ ಪ್ರಾಣಿ ಇದಕ್ಕೆ ಸಿಗಲ್ಲ. ಪಾರ್ಪಾಯಿಸ್ ಕ್ಲಿಕ್ ಕೆಲವು ನೂರು ಮೀಟರ್ ದಾಟಿದ್ರೆ ಕೇಳಲ್ಲ, ಅದೇ ದೊಡ್ಡ ತಿಮಿಂಗಿಲದ ತಗ್ಗು ದನಿ ಎಷ್ಟೋ ಕಿಲೋಮೀಟರ್ ದೂರದಿಂದ ಬರತ್ತೆ. ಮತ್ತೆ ಒಂದೇ ಪ್ರಾಣಿ ನೂರು ಸಲ ಕ್ಲಿಕ್ ಮಾಡಿತಾ, ಹತ್ತು ಪ್ರಾಣಿ ಹತ್ತತ್ತು ಸಲ ಮಾಡಿದ್ವಾ ಅಂತ ಒಂದೇ ಡಬ್ಬಿಯಿಂದ ಹೇಳೋದು ಕಷ್ಟ. ಆದ್ದರಿಂದ ವರದಿಗಳಲ್ಲಿ "ಇಷ್ಟು ಪ್ರಾಣಿ" ಅನ್ನೋ ಬದಲು "ದಿನಕ್ಕೆ ಇಷ್ಟು ನಿಮಿಷ ಸುಳಿವು ಸಿಕ್ಕಿತು" ಅಂತ ಬರೆದಿರ್ತಾರೆ, ಓದುವಾಗ ಗಮನಿಸಿ.

ಕಂಬ ಬಡಿಯುವಾಗಿನ ಸದ್ದು ಅಷ್ಟು ಕೆಟ್ಟದ್ದಾ?

ಹೌದು. ಅತಿ ದೊಡ್ಡ ತೊಂದರೆ ಅದೇ. ಮೋನೋಪೈಲ್ ಅಂತಾರೆ, ಟರ್ಬೈನ್‌ನ ಬುಡಕ್ಕೆ ನಿಲ್ಲಿಸೋ ಎಂಟು ಹತ್ತು ಮೀಟರ್ ವ್ಯಾಸದ ಉಕ್ಕಿನ ಕೊಳವೆ, ಅದನ್ನ ಹೈಡ್ರಾಲಿಕ್ ಸುತ್ತಿಗೆಯಿಂದ ಸಾವಿರಾರು ಏಟು ಹೊಡೆದು ತಳಕ್ಕೆ ಇಳಿಸ್ತಾರೆ. ತಡೆ ಏನೂ ಇಲ್ದೇ ಬಡಿದಾಗ ಪಾರ್ಪಾಯಿಸ್‌ಗಳು ಸುಮಾರು 20 ಕಿಲೋಮೀಟರ್ ದೂರದ ತನಕ ಜಾಗ ಖಾಲಿ ಮಾಡಿದ್ದು ಜರ್ಮನಿ, ಡೆನ್ಮಾರ್ಕ್ ಕಡೆ ಈ ಹೈಡ್ರೋಫೋನ್‌ಗಳಿಂದಲೇ ಗೊತ್ತಾಯ್ತು.

ಜರ್ಮನಿ ಇದಕ್ಕೆ ಒಂದು ಗೆರೆ ಎಳೆದಿದೆ, ಬಡಿಯೋ ಜಾಗದಿಂದ 750 ಮೀಟರ್ ದೂರದಲ್ಲಿ ಒಂದೊಂದು ಏಟಿನ ಸದ್ದು 160 ಡೆಸಿಬಲ್ ಮೀರಬಾರದು ಅಂತ. ನೀರಿನ ಡೆಸಿಬಲ್ ಬೇರೆ, ಗಾಳಿಯ ಡೆಸಿಬಲ್ ಬೇರೆ, ಎರಡನ್ನೂ ನೇರ ಹೋಲಿಸಿ "ಜೆಟ್ ವಿಮಾನದಷ್ಟು ಸದ್ದು" ಅಂತೆಲ್ಲ ಬರೆಯೋರನ್ನ ನಂಬಬೇಡಿ. ಆ ಮಿತಿಯೊಳಗೆ ಇರೋಕೆ ಕಂಬದ ಸುತ್ತ ತಳದಲ್ಲಿ ತೂತು ತೂತಿನ ಪೈಪ್ ಸುತ್ತಿ, ಹಡಗಿನಿಂದ ಗಾಳಿ ಒತ್ತಿ ಬಿಡ್ತಾರೆ, ಗುಳ್ಳೆಗಳ ಒಂದು ಗೋಡೆ ಏಳತ್ತೆ, ಸದ್ದು ಅದಕ್ಕೆ ಬಡಿದು ಕುಗ್ಗತ್ತೆ. ಹತ್ತು ಡೆಸಿಬಲ್ ಇಳಿದ್ರೆ ಶಕ್ತಿ ಲೆಕ್ಕದಲ್ಲಿ ನೂರಕ್ಕೆ ತೊಂಬತ್ತು ಭಾಗ ಕಡಿಮೆ ಆದ ಹಾಗೆ, ಸಣ್ಣ ವಿಷಯ ಅಲ್ಲ. ಅಳೆಯೋಕೆ ಸಾಧ್ಯ ಆಗಿದ್ದಕ್ಕೇ ಗೆರೆ ಎಳೆಯೋಕೆ ಆಯ್ತು, ಗೆರೆ ಇದ್ದಿದ್ದಕ್ಕೇ ಕಂಪನಿಗಳು ಗುಳ್ಳೆ ಪರದೆ ಹಾಕಿದ್ವು. ಮಾನಿಟರಿಂಗ್‌ನಿಂದ ಪ್ರಾಣಿಗಳಿಗೆ ನೇರವಾಗಿ ಉಪಯೋಗ ಆಯ್ತು ಅನ್ನೋಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ.

ಬಡಿಯದೇ ನಿಲ್ಲಿಸೋ ದಾರಿಗಳೂ ಇವೆ. ಸ್ಕಾಟ್ಲೆಂಡಿನ ಅಬರ್ಡೀನ್ ಹತ್ತಿರದ ಫಾರ್ಮ್‌ನಲ್ಲಿ ಬಕೆಟ್ ಬೋರಲು ಹಾಕಿದ ಥರದ ಬುಡ ಇಟ್ಟು, ಒಳಗಿನ ನೀರು ಪಂಪ್ ಮಾಡಿ ಹೊರಗೆಳೆದು ತಳಕ್ಕೆ ಕಚ್ಚಿಸಿದ್ರು.

ಪಾರ್ಪಾಯಿಸ್ ವಾಪಸ್ ಬರ್ತವಾ?

ಎರಡು ಕಡೆಯ ಫಲಿತಾಂಶ ಹೇಳ್ತೀನಿ. ನ್ಯೂಸ್ಟೆಡ್‌ನಲ್ಲಿ ಕ್ಲಿಕ್ ಸುಳಿವು ಮೊದಲಿದ್ದ ಮಟ್ಟದ 11%ಗೆ ಕುಸಿದು, ಸುಮಾರು ಹತ್ತು ವರ್ಷದ ಲೆಕ್ಕ ನೋಡಿದಾಗ ನಿಧಾನಕ್ಕೆ 29% ತನಕ ಮಾತ್ರ ಏರಿತ್ತು. ಅದೇ ನೆದರ್ಲೆಂಡ್ಸಿನ ಎಗ್ಮಂಡ್ ಆನ್ ಜೀ ಫಾರ್ಮ್‌ನಲ್ಲಿ ಹೊರಗಿನ ಜಾಗಕ್ಕಿಂತ ಫಾರ್ಮ್ ಒಳಗೇ ಜಾಸ್ತಿ ಸುಳಿವು ಸಿಕ್ತು, ಒಳಗೆ ಮೀನು ಜಾಸ್ತಿ ಇರಬಹುದು, ಹಡಗುಗಳ ಗಲಾಟೆ ಕಡಿಮೆ ಇರಬಹುದು ಅಂತ ಸಂಶೋಧಕರು ಯೋಚಿಸಿದ್ರು. ಪ್ರಾಣಿ ಅದೇ, ಡಬ್ಬಿಗಳೂ ಅದೇ ಥರದ್ದು, ಉತ್ತರ ಮಾತ್ರ ಉಲ್ಟಾ! ಆದ್ದರಿಂದ ಒಂದು ಸಮುದ್ರದ ವರದಿ ತಗೊಂಡು ಇನ್ನೊಂದು ಸಮುದ್ರಕ್ಕೆ ಅಂಟಿಸೋರನ್ನ ಕಂಡ್ರೆ ನನಗೆ ಬೇಜಾರಾಗತ್ತೆ.

ಇ-ಡಿಎನ್‌ಎ ಅಂದ್ರೇನು? ಬರೀ ನೀರಿಂದ ಮೀನಿನ ಹೆಸರು ಹೇಳ್ತಾರಂತೆ, ನಿಜಾನಾ?

ನಿಜ. ಪ್ರತಿ ಜೀವಿನೂ ಚರ್ಮದ ಚೂರು, ಲೋಳೆ, ಮಲ ಏನಾದ್ರೂ ನೀರಿಗೆ ಬಿಡ್ತಾನೇ ಇರತ್ತೆ, ಅದರಲ್ಲಿ ಡಿಎನ್‌ಎ ಇರತ್ತೆ. ಒಂದೆರಡು ಲೀಟರ್ ನೀರು ತಗೊಂಡು ಸಣ್ಣ ಫಿಲ್ಟರ್‌ನಲ್ಲಿ ಸೋಸಿ, ಅದರಲ್ಲಿ ಸಿಕ್ಕ ಡಿಎನ್‌ಎಯ ಒಂದು ಚಿಕ್ಕ ತುಂಡನ್ನ ಲ್ಯಾಬಲ್ಲಿ ಕಾಪಿ ಮಾಡಿ ಓದ್ತಾರೆ, ಆಮೇಲೆ ಗೊತ್ತಿರೋ ಜೀವಿಗಳ ಪಟ್ಟಿ ಜೊತೆ ತಾಳೆ ನೋಡ್ತಾರೆ. ಬಲೆ ಎಳೆದು ಮೀನು ಸಾಯಿಸೋದು ತಪ್ಪತ್ತೆ, ಟರ್ಬೈನ್ ಮಧ್ಯೆ ಕೇಬಲ್ ಇರೋ ಕಡೆ ಬಲೆ ಎಳೆಯೋಕೆ ಆಗೋದೂ ಇಲ್ಲ, ಹಾಗಾಗಿ ಈ ಜಾಗಕ್ಕೆ ಹೇಳಿ ಮಾಡಿಸಿದ ವಿಧಾನ.

ಆದ್ರೆ ಇದು "ಇದೆ" ಅಂತ ಹೇಳತ್ತೆ, ಎಷ್ಟಿದೆ, ಮರಿನಾ ದೊಡ್ಡದಾ, ಗಂಡಾ ಹೆಣ್ಣಾ ಅಂತ ಹೇಳಲ್ಲ. ಪ್ರವಾಹದಲ್ಲಿ ಡಿಎನ್‌ಎ ತೇಲಿ ಬೇರೆ ಕಡೆಯಿಂದ ಬಂದಿರಬಹುದು, ಕೆಲವೇ ದಿನದಲ್ಲಿ ಕರಗಿಯೂ ಹೋಗಬಹುದು. ಪಟ್ಟಿಯಲ್ಲಿ ಇಲ್ಲದ ಜೀವಿ ನೀರಲ್ಲಿ ಎಷ್ಟೇ ಇದ್ರೂ ಹೆಸರಿಲ್ಲದೇ ಉಳಿಯತ್ತೆ, ಅದಕ್ಕೇ ಮ್ಯೂಸಿಯಂಗಳಲ್ಲಿ ಸ್ಪಿರಿಟ್ ಬಾಟಲಿಯೊಳಗಿನ ಮೀನು ನೋಡಿ ಗುರುತಿಸೋ ಹಳೇ ತಜ್ಞರು ಈಗಲೂ ಬೇಕೇ ಬೇಕು. ಇನ್ನೊಂದು ವಿಷಯ, ಹಡಗಲ್ಲಿ ಜನ ತಿಂದ ಮೀನಿನ ಡಿಎನ್‌ಎ ಕೊಳಚೆ ನೀರಿನ ಜೊತೆ ಸಮುದ್ರಕ್ಕೆ ಸೇರಿ ಸ್ಯಾಂಪಲ್‌ಗೆ ಬರಬಹುದು. ಅದಕ್ಕೇ ಪ್ರತಿ ಸಲ ಶುದ್ಧ ನೀರನ್ನೂ ಅದೇ ಫಿಲ್ಟರ್ ಕ್ರಮದಲ್ಲಿ ಸೋಸಿ ಖಾಲಿ ಸ್ಯಾಂಪಲ್ ಅಂತ ಇಡ್ತಾರೆ. ಖಾಲಿ ಸ್ಯಾಂಪಲ್‌ನ ಲೆಕ್ಕ ಕೊಡದ ವರದಿ ನೋಡಿದ್ರೆ ಸ್ವಲ್ಪ ಅನುಮಾನ ಇಟ್ಕೊಳ್ಳಿ.

ಟರ್ಬೈನ್ ಬುಡದಲ್ಲಿ ಮೀನು ಜಾಸ್ತಿ ಆಗತ್ತೆ ಅಂತಾರೆ, ಒಳ್ಳೇದೇ ಅಲ್ವಾ?

ಅರ್ಧ ಒಳ್ಳೇದು ಅಂತೀನಿ. ಮರಳು ತಳದ ಸಮುದ್ರದಲ್ಲಿ ಒಂದು ಗಟ್ಟಿ ಕಂಬ ನಿಂತ್ರೆ ಅದು ಬಂಡೆ ಇದ್ದ ಹಾಗೆ. ಉತ್ತರ ಸಮುದ್ರದಲ್ಲಿ ಮೇಲ್ಭಾಗಕ್ಕೆ ಮಸಲ್ ಅನ್ನೋ ಚಿಪ್ಪಿನ ಜೀವಿಗಳು, ಅದರ ಕೆಳಗೆ ಮಣ್ಣಿನ ಕೊಳವೆ ಕಟ್ಟಿಕೊಂಡು ಇರೋ ಪುಟ್ಟ ಸಿಗಡಿಯಂಥವು, ಇನ್ನೂ ಕೆಳಗೆ ಹೂವಿನ ಹಾಗೆ ಅರಳೋ ಸೀ ಅನಿಮೋನ್ ಅಂತ ಪಟ್ಟಿ ಪಟ್ಟಿಯಾಗಿ ಹತ್ತಿಕೊಳ್ತವೆ. ಅದನ್ನ ತಿನ್ನೋಕೆ ಏಡಿ, ಮೀನು ಬರ್ತವೆ. ಬೆಲ್ಜಿಯಂನವರು ಕಾಡ್ ಮೀನುಗಳಿಗೆ ಸದ್ದು ಮಾಡೋ ಟ್ಯಾಗ್ ಹಾಕಿ ನೋಡಿದಾಗ ಬೇಸಿಗೆ ಮತ್ತೆ ಶರತ್ಕಾಲದಲ್ಲಿ ಅವು ಟರ್ಬೈನ್ ಬುಡ ಬಿಟ್ಟು ಕದಲ್ತಾನೇ ಇರ್ಲಿಲ್ಲ. ಸೀಲ್‌ಗಳಿಗೆ ಜಿಪಿಎಸ್ ಟ್ಯಾಗ್ ಅಂಟಿಸಿದಾಗ ಕೆಲವು ಸೀಲ್‌ಗಳ ದಾರಿ ನೋಡಿ ಎಲ್ಲರಿಗೂ ಆಶ್ಚರ್ಯ ಆಗಿತ್ತು, ಇಂಗ್ಲೆಂಡಿನ ಶೆರಿಂಗಮ್ ಶೋಲ್ ಫಾರ್ಮ್‌ನಲ್ಲಿ ಒಂದು ಟರ್ಬೈನ್‌ನಿಂದ ಇನ್ನೊಂದಕ್ಕೆ ನೇರ ಗೆರೆ ಎಳೆದ ಹಾಗೆ ಹೋಗ್ತಾ ಬೇಟೆ ಹುಡುಕ್ತಿದ್ವು, ಮ್ಯಾಪ್ ಮೇಲೆ ಆ ದಾರಿ ನೋಡಿದ್ರೆ ಚೌಕ ಚೌಕವಾಗಿ ಫಾರ್ಮ್‌ನ ನಕ್ಷೆನೇ ಕಾಣತ್ತೆ. 2014ರಲ್ಲಿ ಬಂದ ಅಧ್ಯಯನ ಅದು.

ಇನ್ನರ್ಧ ಏನಂದ್ರೆ, ಮೀನು ಅಲ್ಲಿ ಹೊಸದಾಗಿ ಹುಟ್ಟಿ ಬೆಳೀತಾ, ಇಲ್ಲಾ ಅಕ್ಕಪಕ್ಕದಿಂದ ಬಂದು ಸೇರಿದ್ದಾ ಅನ್ನೋದು ಬೇರೆ ಬೇರೆ. ಬಂದು ಸೇರಿದ್ದೇ ಆದ್ರೆ ಒಟ್ಟು ಲೆಕ್ಕ ಏನೂ ಜಾಸ್ತಿ ಆಗಿಲ್ಲ. ಜೊತೆಗೆ ಬೆಲ್ಜಿಯಂನಂಥ ಕಡೆ ಫಾರ್ಮ್ ಒಳಗೆ ಟ್ರಾಲಿಂಗ್ (ದೋಣಿಯಿಂದ ಬಲೆ ಎಳೆಯೋದು) ಮಾಡೋ ಹಾಗಿಲ್ಲ, ಹಾಗಿದ್ರೆ ಮೀನು ಜಾಸ್ತಿ ಆಗಿದ್ದು ಕಂಬದಿಂದನಾ, ಬಲೆ ಬರದೇ ಇದ್ದಿದ್ದರಿಂದನಾ? ಎರಡನ್ನೂ ಬಿಡಿಸೋದು ಕಷ್ಟದ ಕೆಲಸ. ಮತ್ತೆ ಮರಳಲ್ಲೇ ಬದುಕ್ತಿದ್ದ ಹುಳ, ಚಿಪ್ಪುಗಳ ಜಾಗ ಹೋಯ್ತಲ್ಲ, ಮಸಲ್‌ಗಳ ಕಸ ಬಿದ್ದು ಸುತ್ತಲಿನ ಮರಳಿನ ಗುಣನೇ ಬದಲಾಗತ್ತೆ, ಅದೂ ಲೆಕ್ಕಕ್ಕೆ ಬರ್ಬೇಕು.

ಹಕ್ಕಿಗಳು ಬಡಿದು ಸಾಯೋದನ್ನ ಸಮುದ್ರದಲ್ಲಿ ಹೇಗೆ ಲೆಕ್ಕ ಹಾಕ್ತಾರೆ? ಹೆಣ ನೀರಿಗೆ ಬೀಳತ್ತಲ್ಲ?

ಸರಿಯಾದ ಪ್ರಶ್ನೆ. ನೆಲದ ಮೇಲಾದ್ರೆ ಟರ್ಬೈನ್ ಕೆಳಗೆ ಹುಡುಕ್ತಾರೆ, ಇಲ್ಲಿ ಅದು ಆಗಲ್ಲ. ಅದಕ್ಕೆ ರೇಡಾರ್ ಮತ್ತೆ ಕ್ಯಾಮೆರಾ ಜೋಡಿಸ್ತಾರೆ. ರೇಡಾರ್ ದೂರದಿಂದಲೇ ಹಕ್ಕಿಯ ದಾರಿ ಹಿಡಿಯತ್ತೆ, ಆದ್ರೆ ಯಾವ ಹಕ್ಕಿ ಅಂತ ಗೊತ್ತಾಗಲ್ಲ, ಕ್ಯಾಮೆರಾ ತಿರುಗಿ ಝೂಮ್ ಮಾಡಿ ಜಾತಿ ತಿಳಿಸತ್ತೆ. ಅಬರ್ಡೀನ್‌ನಲ್ಲಿ ಹೀಗೇ ಎರಡು ವರ್ಷ ನೋಡಿ 2023ರಲ್ಲಿ ವರದಿ ಬಂತು, 10,000ಕ್ಕೂ ಜಾಸ್ತಿ ವಿಡಿಯೋಗಳಲ್ಲಿ ಒಂದು ಡಿಕ್ಕಿನೂ ಸಿಗಲಿಲ್ಲ. ಹಕ್ಕಿಗಳು ಟರ್ಬೈನ್ ರೆಕ್ಕೆಯಿಂದ ಎಷ್ಟೋ ದೂರದಲ್ಲೇ ದಾರಿ ಬದಲಿಸ್ತಿದ್ವು. ಖುಷಿಯ ಸುದ್ದಿನೇ, ಆದ್ರೆ ಅದು 11 ಟರ್ಬೈನ್‌ನ ಒಂದು ಫಾರ್ಮ್, ಗಮನ ಇದ್ದಿದ್ದು ಮುಖ್ಯವಾಗಿ ಹಗಲಲ್ಲಿ ಓಡಾಡೋ ಕಡಲ ಹಕ್ಕಿಗಳ ಮೇಲೆ. ರಾತ್ರಿ ಸಾವಿರಗಟ್ಟಲೆ ವಲಸೆ ಹೋಗೋ ಸಣ್ಣ ಹಕ್ಕಿಗಳ ಪ್ರಶ್ನೆಗೆ ಅದರಿಂದ ಉತ್ತರ ಸಿಗಲ್ಲ.

ಆ ರಾತ್ರಿ ಪ್ರಶ್ನೆಗೆ ನೆದರ್ಲೆಂಡ್ಸ್ ಒಂದು ದಾರಿ ಹುಡುಕಿದೆ. ರೇಡಾರ್ ದಾಖಲೆ ಮತ್ತೆ ಹವಾಮಾನ ಸೇರಿಸಿ ದೊಡ್ಡ ವಲಸೆ ಯಾವ ರಾತ್ರಿ ಬರತ್ತೆ ಅಂತ ಎರಡು ದಿನ ಮುಂಚೆನೇ ಅಂದಾಜು ಮಾಡ್ತಾರೆ, ಆ ಹೊತ್ತಲ್ಲಿ ಟರ್ಬೈನ್‌ಗಳನ್ನ ನಿಮಿಷಕ್ಕೆ ಎರಡು ಸುತ್ತಿಗಿಂತ ಜಾಸ್ತಿ ತಿರುಗದ ಹಾಗೆ ಇಳಿಸ್ತಾರೆ. ಮೊದಲ ಸಲ ಹೀಗೆ ಮಾಡಿದ್ದು 2023ರ ಮೇ ತಿಂಗಳಲ್ಲಿ, ಬೋರ್ಸೆಲೆ ಮತ್ತೆ ಎಗ್ಮಂಡ್ ಫಾರ್ಮ್‌ಗಳಲ್ಲಿ. ವಿದ್ಯುತ್ ಜಾಲದವರಿಗೂ ಮುಂಚೆನೇ ಗೊತ್ತಿರತ್ತೆ, ಗಡಿಬಿಡಿ ಆಗಲ್ಲ.

ಡಿಕ್ಕಿ ಒಂದೇ ಸಮಸ್ಯೆ ಅಲ್ಲ, ಇದನ್ನ ಬಹಳ ಜನ ಮರೀತಾರೆ. ಕೆಂಪು ಗಂಟಲಿನ ಡೈವರ್ ಅನ್ನೋ ಹಕ್ಕಿ ಟರ್ಬೈನ್ ಕಂಡ್ರೆ ಆ ಕಡೆ ಹೋಗೋದೇ ಇಲ್ಲ, ಜರ್ಮನಿ ಕಡೆಯ ಸಮುದ್ರದಲ್ಲಿ ಸುಮಾರು 10 ಕಿಲೋಮೀಟರ್ ದೂರದ ತನಕ ಅದರ ಸಂಖ್ಯೆ ಇಳಿದಿದ್ದು ಕಂಡಿದೆ. ಒಂದೂ ಹಕ್ಕಿ ಬಡಿದು ಸಾಯ್ಲಿಲ್ಲ, ಆದ್ರೆ ಚಳಿಗಾಲದ ಮೇವಿನ ಜಾಗ ಕೈಬಿಟ್ಟು ಹೋಯ್ತು. ಇದು ಟರ್ಬೈನ್ ಮೇಲಿನ ಕ್ಯಾಮೆರಾಗೆ ಕಾಣೋದೇ ಇಲ್ಲ, ಕಟ್ಟೋ ಮುಂಚಿನ ಮತ್ತೆ ಆಮೇಲಿನ ವಿಮಾನದ ಸಮೀಕ್ಷೆ ಪಕ್ಕ ಪಕ್ಕ ಇಟ್ರೆ ಮಾತ್ರ ಕಾಣತ್ತೆ.

ಬಾವಲಿಗಳು ಸಮುದ್ರದ ಮೇಲೂ ಹಾರ್ತವಾ?

ಹಾರ್ತವೆ. ನಾಥೂಸಿಯಸ್ ಪಿಪಿಸ್ಟ್ರೆಲ್ ಅಂತ, ಹತ್ತು ಗ್ರಾಮೂ ತೂಗದ ಬಾವಲಿ, ಉತ್ತರ ಸಮುದ್ರ ದಾಟತ್ತೆ. ಅದಕ್ಕೆ ಅಲ್ಟ್ರಾಸೌಂಡ್ ಮೈಕ್ ಮತ್ತೆ ಅತಿ ಹಗುರದ ರೇಡಿಯೋ ಟ್ಯಾಗ್ ಬಳಸ್ತಾರೆ.

ಕೇಬಲ್‌ನಿಂದ ಕರೆಂಟ್ ಹೊಡೆದು ಮೀನು ಸಾಯ್ತವಾ?

ಇಲ್ಲ. ಕೇಬಲ್‌ಗೆ ಗಟ್ಟಿ ಕವಚ ಇರತ್ತೆ, ಹೆಚ್ಚಿನ ಕಡೆ ತಳದಲ್ಲಿ ಹೂತಿರ್ತಾರೆ. ಆದ್ರೆ ಕಾಂತಕ್ಷೇತ್ರ ಹೊರಗೆ ಬರತ್ತೆ, ಅದನ್ನ ಕವಚ ತಡೆಯಲ್ಲ. ಶಾರ್ಕ್, ತೊರಕೆ ಮೀನುಗಳಿಗೆ ಸಣ್ಣ ವಿದ್ಯುತ್ ಏರಿಳಿತನೂ ಗೊತ್ತಾಗೋ ಅಂಗ ಮೂತಿಯಲ್ಲೇ ಇದೆ. ಅಮೆರಿಕದಲ್ಲಿ ನಿಜವಾದ ಡಿಸಿ (ಒಂದೇ ದಿಕ್ಕಲ್ಲಿ ಕರೆಂಟ್ ಹರಿಯೋ) ಕೇಬಲ್ ಮೇಲೆ ದೊಡ್ಡ ಬೋನು ಇಟ್ಟು ಸ್ಕೇಟ್ ಅನ್ನೋ ತೊರಕೆ ಜಾತಿಯ ಮೀನು ಬಿಟ್ಟು ಟ್ಯಾಗ್‌ನಿಂದ ನೋಡಿದಾಗ ಅವು ಮಾಮೂಲಿಗಿಂತ ಜಾಸ್ತಿ ದೂರ ಓಡಾಡಿದ್ವು, ಆದ್ರೆ ಕೇಬಲ್ ದಾಟೋಕೆ ತಡೆ ಏನೂ ಆಗಲಿಲ್ಲ. ಅಂದ್ರೆ ನಡತೆ ಬದಲಾಗತ್ತೆ.

ಫೈಬರ್ ಕೇಬಲ್‌ನಿಂದನೇ ತಿಮಿಂಗಿಲದ ದನಿ ಕೇಳಬಹುದು ಅಂತ ಓದಿದೆ, ಅದೇನು?

ಇದು ಹೊಸದು, ನೋಡಿ ಖುಷಿ ಆಗತ್ತೆ. ಫೈಬರ್ ಒಳಗೆ ಲೇಸರ್ ಬೆಳಕು ಬಿಟ್ಟಾಗ ಅಲ್ಲಲ್ಲಿ ಸ್ವಲ್ಪ ವಾಪಸ್ ಚದುರತ್ತೆ. ಸದ್ದಿನ ಅಲೆ ಬಡಿದು ಫೈಬರ್ ಕೂದಲೆಳೆಗಿಂತ ಎಷ್ಟೋ ಕಡಿಮೆ ಎಳೆದ್ರೂ ಆ ವಾಪಸ್ ಬರೋ ಬೆಳಕಲ್ಲಿ ಗೊತ್ತಾಗತ್ತೆ. ಹಾಗಾಗಿ ಇಡೀ ಕೇಬಲ್ಲೇ ಸಾವಿರಾರು ಮೈಕು ಸಾಲಾಗಿ ಇಟ್ಟ ಹಾಗೆ. 2020ರಲ್ಲಿ ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ ಮೊದಲೇ ಇದ್ದ ಸುಮಾರು 120 ಕಿಲೋಮೀಟರ್ ಟೆಲಿಕಾಂ ಕೇಬಲ್‌ನಿಂದ ದೊಡ್ಡ ತಿಮಿಂಗಿಲಗಳ ದನಿ ಹಿಡಿದು ಅವು ಎಲ್ಲಿವೆ ಅಂತನೂ ಗುರುತು ಮಾಡಿದ್ರು. ವಿಂಡ್ ಫಾರ್ಮ್‌ಗೆ ಹೇಗಿದ್ರೂ ಫೈಬರ್ ಇರೋ ಕೇಬಲ್ ಎಳೆದಿರ್ತಾರೆ, ಅದನ್ನೇ ಬಳಸಬಹುದು ಅನ್ನೋದು ಆಸೆ. ಆದ್ರೆ ತಗ್ಗು ದನಿಗೆ ಮಾತ್ರ ಸರಿ, ಪಾರ್ಪಾಯಿಸ್ ಕ್ಲಿಕ್‌ಗೆ ಇದು ಆಗಲ್ಲ.

ಅಮೆರಿಕದಲ್ಲಿ ತಿಮಿಂಗಿಲ ಸಾಯ್ತಿರೋದು ವಿಂಡ್ ಫಾರ್ಮ್‌ನಿಂದ ಅಂತಾರಲ್ಲ?

ಅಟ್ಲಾಂಟಿಕ್ ದಡದಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳು ಮಾಮೂಲಿಗಿಂತ ಜಾಸ್ತಿ ಸಾಯೋಕೆ ಶುರುವಾಗಿದ್ದು 2016ರ ಜನವರಿಯಿಂದ, ಅಲ್ಲಿ ದೊಡ್ಡ ಫಾರ್ಮ್‌ಗಳ ಕೆಲಸ ಶುರುವಾಗೋಕೆ ವರ್ಷಗಳ ಮುಂಚೆ. ಅಲ್ಲಿನ ಸರ್ಕಾರಿ ಸಂಸ್ಥೆ ನೋವಾ ಹೇಳೋ ಪ್ರಕಾರ, ಕೊಯ್ದು ಪರೀಕ್ಷೆ ಮಾಡಿದ ಹೆಣಗಳಲ್ಲಿ ಸುಮಾರು 40%ರಲ್ಲಿ ಹಡಗು ಬಡಿದ ಇಲ್ಲಾ ಬಲೆ ಹಗ್ಗಕ್ಕೆ ಸಿಕ್ಕಿಹಾಕಿಕೊಂಡ ಗುರುತು ಇತ್ತು, ವಿಂಡ್ ಕೆಲಸಕ್ಕೆ ಸಂಬಂಧ ತೋರಿಸೋ ಸಾಕ್ಷಿ ಸಿಕ್ಕಿಲ್ಲ. ಹಾಗಂತ ಎಚ್ಚರಿಕೆ ಬೇಡ ಅಂತಲ್ಲ. ನಾರ್ತ್ ಅಟ್ಲಾಂಟಿಕ್ ರೈಟ್ ತಿಮಿಂಗಿಲ ಇಡೀ ಪ್ರಪಂಚದಲ್ಲಿ ಉಳಿದಿರೋದು 400ಕ್ಕಿಂತ ಕಡಿಮೆ. ವಿನ್‌ಯಾರ್ಡ್ ವಿಂಡ್ ಅನ್ನೋ ಫಾರ್ಮ್‌ಗೆ ಜನವರಿಯಿಂದ ಏಪ್ರಿಲ್ ತನಕ ಕಂಬ ಬಡಿಯೋ ಹಾಗೇ ಇಲ್ಲ ಅಂತ ಷರತ್ತು ಹಾಕಿದ್ದು ಈ ತಿಮಿಂಗಿಲಕ್ಕಾಗಿ. ಆ ಕಡೆ ಎಂಜಿನ್ ಸದ್ದಿಲ್ಲದೇ ನೀರೊಳಗೆ ತೇಲಿ ಹೋಗೋ ಗ್ಲೈಡರ್‌ಗಳೂ, ನೀರ ಮೇಲಿನ ತೇಲುಬುರುಡೆಗಳೂ ದನಿ ಕೇಳಿಸ್ಕೊಂಡು ಸ್ಯಾಟಲೈಟ್ ಮೂಲಕ ಸುದ್ದಿ ಕಳಿಸ್ತವೆ.

ಎಐ ಬಂದ ಮೇಲೆ ತಜ್ಞರು ಬೇಕಾಗಲ್ವಾ?

ಬೇಕು, ಮೊದಲಿಗಿಂತ ಜಾಸ್ತಿನೇ. ಒಂದು ಸಮೀಕ್ಷೆಯಲ್ಲಿ ಬರೋ ಫೋಟೋ ಲಕ್ಷಗಟ್ಟಲೆ, ಅದರಲ್ಲಿ ಬಹುಪಾಲು ಖಾಲಿ ನೀರು. ಖಾಲಿದನ್ನ ಬದಿಗೆ ಹಾಕೋಕೆ ಎಐ ತುಂಬಾ ಒಳ್ಳೇದು. ಆದ್ರೆ ಒಂದು ಸಮುದ್ರದ ಫೋಟೋ ತೋರಿಸಿ ಕಲಿಸಿದ ಮಾಡೆಲ್ ಬೇರೆ ಸಮುದ್ರದಲ್ಲಿ ನೊರೆಯನ್ನೇ ಹಕ್ಕಿ ಅನ್ನತ್ತೆ, ಅಪರೂಪದ ಜೀವಿ ಬಂದ್ರೆ ಗೊತ್ತಿರೋ ಯಾವುದೋ ಹೆಸರು ಕೊಟ್ಟುಬಿಡತ್ತೆ. ನಮಗೆ ಮುಖ್ಯ ಆಗಿರೋದು ಆ ಅಪರೂಪದ್ದೇ ತಾನೇ. ಆದ್ದರಿಂದ ಒಂದು ಪಾಲನ್ನ ಮನುಷ್ಯರು ಮತ್ತೆ ನೋಡಿ, ಎಷ್ಟು ತಪ್ಪಾಯ್ತು ಅಂತ ವರದಿಯಲ್ಲೇ ಬರೀಬೇಕು.

ಉಪಕರಣಗಳು ಸಮುದ್ರದಲ್ಲಿ ಹಾಳಾಗಲ್ವಾ?

ಆಗ್ತವೆ. ಲೆನ್ಸ್ ಮೇಲೆ ಪಾಚಿ, ಮೈಕಿನ ಮೇಲೆ ಚಿಪ್ಪು, ಟ್ರಾಲರ್ ಎಳ್ಕೊಂಡು ಹೋಗೋದು, ಬಿರುಗಾಳಿಗೆ ಹಗ್ಗ ಹರಿಯೋದು. ಅದಕ್ಕೇ ಮೊದಲಿಂದಲೇ ಒಂದಷ್ಟು ಜಾಸ್ತಿ ಇಡ್ತಾರೆ.

ಹಾಗಿದ್ರೆ ಎಲ್ಲಕ್ಕಿಂತ ಮುಖ್ಯವಾದ ಉಪಕರಣ ಯಾವುದು?

ನನ್ನ ಕೇಳಿದ್ರೆ, ಕಟ್ಟೋಕೆ ಮುಂಚಿನ ಡೇಟಾ. ಕನಿಷ್ಠ ಎರಡು ವರ್ಷ, ಎಲ್ಲಾ ಕಾಲದಲ್ಲೂ, ಫಾರ್ಮ್ ಬರೋ ಜಾಗದಲ್ಲೂ ದೂರದ ಅದೇ ಥರದ ಇನ್ನೊಂದು ಜಾಗದಲ್ಲೂ. ಆ ಇನ್ನೊಂದು ಜಾಗ ಯಾಕೆ ಅಂದ್ರೆ ಸಮುದ್ರ ಹೇಗಿದ್ರೂ ಬದಲಾಗ್ತಾನೇ ಇರತ್ತೆ, ನೀರು ಬಿಸಿ ಆಗ್ತಿದೆ, ಮೀನು ಬೇರೆ ಕಡೆ ಸರಿಯತ್ತೆ. ಫಾರ್ಮ್ ಒಳಗೂ ಹೊರಗೂ ಒಂದೇ ಥರ ಇಳಿದ್ರೆ ಅದು ಟರ್ಬೈನ್ ತಪ್ಪಲ್ಲ, ಒಳಗೆ ಮಾತ್ರ ಇಳಿದ್ರೆ ಯೋಚನೆ ಮಾಡ್ಬೇಕು. ನ್ಯೂಸ್ಟೆಡ್‌ನ ಆ 11%, 29% ಅನ್ನೋ ಲೆಕ್ಕ ಇವತ್ತು ನಮ್ಮ ಹತ್ರ ಇರೋದೇ ಯಾರೋ ಕಂಬ ಬರೋ ಮುಂಚೆ ಹೋಗಿ ಡಬ್ಬಿ ಇಟ್ಟು ಬಂದಿದ್ದಕ್ಕೆ. ಟರ್ಬೈನ್ ನಿಂತ ಮೇಲೆ ಎಷ್ಟು ಕೋಟಿ ಸುರಿದ್ರೂ ಹಿಂದಿನ ವರ್ಷದ ಸದ್ದು ರೆಕಾರ್ಡ್ ಮಾಡೋಕಾಗಲ್ಲ.

ಈ ಡೇಟಾ ನಮ್ಮಂಥವರಿಗೆ ಸಿಗತ್ತಾ?

ಕೆಲವು ಕಡೆ ಸಿಗತ್ತೆ. ಬ್ರಿಟನ್ನಿನಲ್ಲಿ ಮರೀನ್ ಡೇಟಾ ಎಕ್ಸ್‌ಚೇಂಜ್ ಅಂತ ಇದೆ, ಕಂಪನಿಗಳು ಮಾಡಿದ ಸಮೀಕ್ಷೆಗಳನ್ನ ಅಲ್ಲಿ ಹಾಕ್ತಾರೆ, ಯಾರು ಬೇಕಾದ್ರೂ ಇಳಿಸಿಕೊಳ್ಳಬಹುದು. ಪ್ರಪಂಚದ ಎಲ್ಲಾ ಕಡಲ ಜೀವಿಗಳ ದಾಖಲೆಗೆ ಓಬಿಸ್ ಅನ್ನೋ ಮುಕ್ತ ಭಂಡಾರ ಇದೆ. ಉಳಿದ ಎಷ್ಟೋ ಕಡೆ ಕಂಪನಿಯ ಕಪಾಟಲ್ಲೇ ಉಳಿಯತ್ತೆ, ಪಕ್ಕದ ಫಾರ್ಮ್‌ನವರು ಅದೇ ಕೆಲಸ ಮತ್ತೆ ಮೊದಲಿಂದ ಮಾಡ್ತಾರೆ. ಲೈಸೆನ್ಸ್ ಕೊಡುವಾಗಲೇ ಡೇಟಾ ಬಿಡುಗಡೆ ಕಡ್ಡಾಯ ಅಂತ ಬರೀಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ವರದಿಯಲ್ಲಿ "ಗಮನಾರ್ಹ ಪರಿಣಾಮ ಕಂಡುಬಂದಿಲ್ಲ" ಅಂತ ಇದ್ರೆ ನಂಬಬಹುದಾ?

ಒಂದು ಪ್ರಶ್ನೆ ಕೇಳಿ ನಂಬಿ: ನಿಜವಾಗಲೂ ಪರಿಣಾಮ ಇದ್ದಿದ್ರೆ ಈ ಸಮೀಕ್ಷೆಗೆ ಅದು ಸಿಗ್ತಿತ್ತಾ? ವರ್ಷಕ್ಕೆ ನಾಲ್ಕು ಸಲ ಹೋಗಿ ಎಣಿಸಿ, ಆ ಸಂಖ್ಯೆ ಪ್ರತಿ ಸಲ ತನ್ನಷ್ಟಕ್ಕೆ ತಾನೇ ದುಪ್ಪಟ್ಟು ಏರಿ ಇಳಿದು ಆಗ್ತಿದ್ರೆ, ಜೀವಿಗಳಲ್ಲಿ ಮೂರನೇ ಒಂದು ಭಾಗ ಮಾಯ ಆದ್ರೂ ಲೆಕ್ಕದಲ್ಲಿ ಕಾಣಲ್ಲ, ವರದಿಯಲ್ಲಿ "ಕಂಡುಬಂದಿಲ್ಲ" ಅಂತಾನೇ ಬರತ್ತೆ. ಒಳ್ಳೇ ವರದಿ ಆದ್ರೆ "ನಮ್ಮ ವಿಧಾನಕ್ಕೆ ಇಷ್ಟು ಶೇಕಡಾ ಬದಲಾವಣೆ ಆದ್ರೆ ಸಿಗತ್ತೆ, ಅದಕ್ಕಿಂತ ಕಡಿಮೆ ಆದ್ರೆ ಸಿಗಲ್ಲ" ಅಂತ ಬರೆದಿರತ್ತೆ. ಆ ಸಾಲು ಎಲ್ಲಿದೆ ಅಂತ ಹುಡುಕಿ, ಸಾಮಾನ್ಯವಾಗಿ ವಿಧಾನಗಳ ಅಧ್ಯಾಯದಲ್ಲಿರತ್ತೆ, ಇಲ್ಲದಿದ್ರೆ ಸಾರ್ವಜನಿಕ ಅಹವಾಲು ಸಭೆಯಲ್ಲಿ ಎದ್ದು ನಿಂತು ಅದನ್ನೇ ಕೇಳಿ.